ಖಣಕ್ಕೆ ಕತ್ತರಿ ಹಾಕುವ ಮುಂಚೆ

ಗದಗಿನ ಬೆಟಗೇರಿಯಲ್ಲಿ ನಮ್ಮದು ಒಂದೇ ಖೋಲಿಯ ಟೇಲರಿಂಗ್. ಎರಡು ಮಶೀನು, ಒಂದು ಓವರ್‌ಲಾಕ್, ಒಂದು ಉದ್ದನೆಯ ಮೇಜು. ಶ್ರಾವಣ ಬಂತು ಅಂದರೆ ಮೇಜಿನ ತುಂಬ ಖಣ, ಅಂದರೆ ನಮ್ಮ ಕಡೆಯ ರವಿಕೆ ಬಟ್ಟೆ. ಅದರಲ್ಲಿ ಅರ್ಧಕ್ಕರ್ಧ ಉಡಿ ತುಂಬಿದಾಗ ಬಂದವು. ಟ್ರಂಕಿನಲ್ಲಿ ಹತ್ತು ವರ್ಷ ಮಲಗಿರುತ್ತವೆ, ಒಂದಿನ ಮಗಳು “ಅವ್ವಾ, ಇದ್ರಾಗ ನನಗ ಕುರ್ತಾ ಹೊಲಿಸಿಕೊಡು” ಅಂತಾಳೆ. ಅಲ್ಲಿಗೆ ನನ್ನ ಕೆಲಸ ಶುರು.

ಮೊದಲು ಅಳತೆ. ಖಣದ ಪನ್ನ, ಅಂದರೆ ಅಗಲ, ಸಣ್ಣದು. ಅಂಗಡಿಯ ಬೇರೆ ಬಟ್ಟೆ 44 ಇಂಚು ಇದ್ದರೆ, ನನ್ನ ಟೇಪಿಗೆ ಖಣ 31-32 ಇಂಚು ಅಷ್ಟೇ ಬರುತ್ತದೆ. ಅದು ಬ್ಲೌಸಿಗೆ ಅಂತಲೇ ನೇಯ್ದ ಬಟ್ಟೆ ಅಲ್ವಾ! ಹಾಗಾಗಿ ಬ್ಲೌಸಿಗೆ 80 ಸೆಂಟಿಮೀಟರ್ ಸಾಕು ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ, 1 ಮೀಟರ್ ತನ್ನಿ. ತೋಳು ಉದ್ದ ಬೇಕಿದ್ದರೆ ಇನ್ನೊಂದು ಗೇಣು ಜಾಸ್ತಿ. ಪೂರ್ತಿ ಕುರ್ತಾಕ್ಕೆ ಮೂರೂವರೆ ಮೀಟರ್ ಬೇಕು. ಆದರೆ ಮೈ ತುಂಬ ಖಣ ಹಾಕಿಸಬೇಡಿ ಅಂತಲೇ ನಾನು ಹೇಳೋದು. ಕಿಟಕಿಯ ಪರದೆ ನಡೆದು ಬಂದ ಹಾಗೆ ಕಾಣುತ್ತದೆ. ಎದೆಪಟ್ಟಿ, ತೋಳು ಖಣದ್ದು, ಉಳಿದದ್ದು ಸಾದಾ ಕಾಟನ್. ನೋಡೋಕೂ ಚೆಂದ, ಸೆಕೆಯೂ ಆಗಲ್ಲ.

ಆಮೇಲೆ ಬಟ್ಟೆ ಯಾವುದು ಅಂತ ತಿಳ್ಕೊಳ್ಳಿ. ಗುಳೇದಗುಡ್ಡದ ಕೈಮಗ್ಗದ ಖಣದಲ್ಲಿ ಹತ್ತಿ, ರೇಷ್ಮೆ ಇರುತ್ತವೆ. ಈಗ ಅದೇ ಡಿಸೈನಿನ ಪಾಲಿಸ್ಟರ್ ಖಣವೂ ಸಂತೆ ತುಂಬ ಸಿಗುತ್ತದೆ. ಅಂಚಿನಿಂದ ಒಂದೆರಡು ಎಳೆ ಕಿತ್ತು ಬೆಂಕಿಕಡ್ಡಿ ಹಿಡಿಯಿರಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕಾಗದದ ಹಾಗೆ ಉರಿದರೆ ಹತ್ತಿ, ಇಲ್ಲವೇ ನಾವು ಚಮಕಾ ಅನ್ನುವ ಕೃತಕ ರೇಷ್ಮೆ. ಕರಗಿ ಕರ್ರಗೆ ಗಟ್ಟಿ ಮಣಿಯಾದರೆ ಪಾಲಿಸ್ಟರ್. ಪಾಲಿಸ್ಟರ್ ಕೆಟ್ಟದ್ದೇನಲ್ಲ. ಆದರೆ ರೇಷ್ಮೆಯ ರೇಟು ಕೊಟ್ಟು ಅದನ್ನು ತರಬೇಡಿ. ಮತ್ತೆ ಬಿಸಿ ಇಸ್ತ್ರಿ ಅದಕ್ಕೆ ತಾಗಿಸಬೇಡಿ.

ಈಗ ನೆನೆಸೋದು. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಹೊಲಿಗೆ ಶುರು ಮಾಡಿದ ಎರಡನೇ ವರ್ಷ, ಒಬ್ಬ ಮದುಮಗಳಿಗೆ ಹಸಿರು ಖಣದ ಬ್ಲೌಸು. ಗಡಿಬಿಡಿಯಲ್ಲಿ ನೆನೆಸದೆ ಕತ್ತರಿಸಿದೆ. ಮದುವೆ ದಿನ ಕೈಗೆ ಬಳೆ ಕೂತ ಹಾಗೆ ಕೂತಿತ್ತು. ಒಂದು ಸಲ ಒಗೆದ ಮೇಲೆ ತೋಳು ಮೊಣಕೈ ದಾಟಲಿಲ್ಲ. ಅವಳ ಅವ್ವ ಬ್ಲೌಸನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದಳು, ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಆದ್ದರಿಂದ, ಮೊದಲು ಒಂದು ಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಿಂದ ಒತ್ತಿ ನೋಡಿ. ಬಣ್ಣ ಬಿಡದಿದ್ದರೆ ತಣ್ಣೀರಲ್ಲಿ ಒಂದು ತಾಸು ಬಿಡಿ, ಹಿಂಡಬೇಡಿ, ನೆರಳಲ್ಲಿ ಒಣಗಿಸಿ. ಬಣ್ಣ ಬಿಟ್ಟರೆ ನೆನೆಸುವ ಗೊಡವೆಗೆ ಹೋಗಬೇಡಿ. ಅಂಥದ್ದನ್ನು ನಾನು ಅರ್ಧ ಇಂಚು ಸಡಿಲ ಹೊಲಿದು, ಡ್ರೈ ವಾಶ್ ಮಾಡಿಸಿ ಅಂತ ಹೇಳಿ ಕಳಿಸುತ್ತೇನೆ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತೆ ಅಂತಾರೆ. ನಾನಂತೂ ನಿಂತದ್ದು ನೋಡಿಲ್ಲ. ಒಳಗೆ ಹಾಕುವ ಲೈನಿಂಗನ್ನೂ ನೆನೆಸಲೇಬೇಕು. ಅದೊಂದೇ ಕುಗ್ಗಿದರೆ ಮೇಲಿನ ಖಣ ಸುಕ್ಕುಸುಕ್ಕಾಗುತ್ತದೆ.

ಕತ್ತರಿಸುವಾಗ ಬಟ್ಟೆ ಯಾವ ಕಡೆ ಮುಖ ಮಾಡಿದೆ ನೋಡಿ. ತೇರಿನ ಖಣ ಆದರೆ ತೇರು ತಲೆಕೆಳಗಾಗಬಾರದು. ಹುಕ್ಕಿನ ಪಟ್ಟಿಯಲ್ಲಿ ಎರಡೂ ಬದಿಯ ಡಿಸೈನು ಸರಿಯಾಗಿ ಕೂಡಬೇಕು. ದಡಿಯನ್ನು ತೋಳಿನ ಅಂಚಿಗೇ ಬಿಡಿ. ಬದಿಗಳಲ್ಲಿ ಒಂದೂವರೆ ಇಂಚು ಒಳಬಟ್ಟೆ ಇರಲಿ. ಖಣದ ಎಳೆ ಬೇಗ ಬಿಚ್ಚಿಕೊಳ್ಳುತ್ತದೆ, ಓವರ್‌ಲಾಕ್ ಬಿಡಬೇಡಿ. ನಮ್ಮ ಅಜ್ಜಿಯ ಕುಬಸಕ್ಕೆ ಹುಕ್ಕೇ ಇರಲಿಲ್ಲ. ಮುಂದಿನ ಎರಡು ತುದಿ ಹಿಡಿದು ಗಂಟು ಹಾಕುತ್ತಿದ್ದಳು. ಸಡಿಲ, ಬಿಗಿ ಎಲ್ಲ ಆ ಗಂಟಿನಲ್ಲೇ. ಬಾಣಂತನದಲ್ಲೂ ಅದೇ ಕುಬಸ. ಈಗ ಕೆಲವು ಹುಡುಗಿಯರು ಬೆನ್ನ ಹಿಂದೆ ಅದೇ ಗಂಟು ಹಾಕಿಸಿಕೊಂಡು ಹೊಸ ಫ್ಯಾಶನ್ ಅಂತಾರೆ. ಹುಡುಗರ ಖಣದ ಜಾಕೆಟ್ಟಿಗೂ ಇದೇ ನಿಯಮ, ಕಾಲರಿನ ಒಳಗೆ ಮಾತ್ರ ಗಟ್ಟಿ ಕ್ಯಾನ್ವಾಸ್ ಬೇಕು.

ಇಳಕಲ್ ಸೀರೆ ತಂದು ಗೌನ್ ಹೊಲಿಯಿರಿ ಅನ್ನುವವರೂ ಇದ್ದಾರೆ. ಸೀರೆ ಗಟ್ಟಿ ಇದ್ದರೆ ನಾನು ವಾಪಸ್ ಕಳಿಸುತ್ತೇನೆ, ಉಟ್ಕೊಳ್ಳಿ ಸುಮ್ನೆ ಅಂತ. ಹರಿದದ್ದಾದರೆ ಸರಿ. ಇಳಕಲ್ಲಿನಲ್ಲಿ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಮಗ್ಗದ ಮೇಲೇ ಎರಡನ್ನೂ ಕೊಂಡಿ ಹಾಕಿ ಸೇರಿಸಿರುತ್ತಾರೆ. ಸೀರೆ ಬೆಳಕಿಗೆ ಹಿಡಿದರೆ ಆ ಗೆರೆ ಕಾಣುತ್ತದೆ. ಹಳೇ ಸೀರೆಯಲ್ಲಿ ಆ ಗೆರೆ ಹೆಗಲಿಗೋ ಕಂಕುಳಿಗೋ ಬಂತೋ, ಕೈ ಎತ್ತಿದ ಕೂಡಲೇ ಚರ್ರ್! ಅದನ್ನು ಬೆನ್ನಿನ ನಡುವೆ ತನ್ನಿ, ಹಿಂದೆ ಲೈನಿಂಗ್ ಕೊಡಿ. ತೋಪ ತೆನಿ ಅನ್ನುವ ಇಳಕಲ್ಲಿನ ಕೆಂಪು-ಬಿಳಿ ಸೆರಗು ಅಲ್ಲಿ ಚೆನ್ನಾಗಿಯೂ ಕಾಣುತ್ತದೆ.

ಸೀರೆಯ ಮೇಲೆ ಕಸೂತಿ ಇದ್ದರೆ ಇನ್ನೂ ಜೋಕೆ. ಕಸೂತಿಗೆ ಹಿಂದೆ ಗಂಟು ಇರಲ್ಲ. ಗವಂತಿ ಹೊಲಿಗೆಯಲ್ಲಿ ಎಳೆ ಹೋದ ದಾರಿಯಲ್ಲೇ ವಾಪಸ್ ಬರುತ್ತದೆ, ಮುಂದೆ ಹಿಂದೆ ಒಂದೇ ಥರ. ನಡುವೆ ಕತ್ತರಿ ಬಿತ್ತೋ, ನವಿಲು ಒಂದೊಂದೇ ಎಳೆ ಬಿಚ್ಚಿಕೊಂಡು ಹಾರಿಹೋಗುತ್ತದೆ. ಕತ್ತರಿಸುವ ಗೆರೆಯ ಈ ಬದಿ ಆ ಬದಿ ಮಶೀನಿನಲ್ಲಿ ಎರಡೆರಡು ಸಾಲು ಸಣ್ಣ ಹೊಲಿಗೆ ಹಾಕಿ, ಆಮೇಲೆ ಕತ್ತರಿ.

ಇಸ್ತ್ರಿ ಯಾವಾಗಲೂ ಒಳಮೈಗೆ, ಮೇಲೊಂದು ತೆಳು ಬಟ್ಟೆ ಹಾಸಿ.

ಉಳಿದ ಚೂರುಗಳನ್ನು ಟೇಲರ್ ಹತ್ರ ಕೇಳಿ ತೊಗೊಳ್ಳಿ. ನೀವು ಬಿಟ್ಟು ಹೋದರೆ ನಮ್ಮ ಅತ್ತೆ ಡಬ್ಬಿಗೆ ಹಾಕ್ಕೊಳ್ತಾರೆ. ಅವರು ಚೂರು ಜೋಡಿಸಿ ಹೊಲಿದ ಈ ಸಲದ ಕೌದಿಯಲ್ಲಿ ಒಂದು ಕಡೆ ಪೂರ್ತಿ ಖಣವೇ.