ನರ್ಸರಿಗೆ ಹೊರಟ ಮಗುವಿನ ನಿದ್ದೆ: ಮೇ ಮಧ್ಯದಲ್ಲೇ ಶುರು ಮಾಡಿ

ಬೇಸಗೆ ರಜೆಯಲ್ಲಿ ನಮ್ಮ ಕರಾವಳಿಯ ಮಕ್ಕಳ ನಿದ್ದೆಗೆ ಹೊತ್ತುಗೊತ್ತು ಇರುವುದಿಲ್ಲ. ಇವತ್ತು ಮೆಹಂದಿ, ನಾಳೆ ಮದುವೆ, ನಾಡಿದ್ದು ಅಜ್ಜಿಮನೆಯ ಕೋಲ. ರಾತ್ರಿ ಹತ್ತೂವರೆಗೆ ಮಲಗಿ ಬೆಳಿಗ್ಗೆ ಎಂಟೂವರೆಗೆ ಏಳುವ ಮಗುವನ್ನು ಜೂನ್‌ನಲ್ಲಿ ಒಮ್ಮೆಲೇ 6.45ಕ್ಕೆ ಎಬ್ಬಿಸಿದರೆ ಹಾಸಿಗೆಯಲ್ಲೇ ರಂಪ.

3ರಿಂದ 5 ವರ್ಷದ ಮಕ್ಕಳಿಗೆ ಮಧ್ಯಾಹ್ನದ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ವ್ಯಾನ್ ಬರುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ. 8.15ಕ್ಕೆ ವ್ಯಾನ್ ಅಂದರೆ ಏಳುವುದು 6.45ಕ್ಕೆ, ಮಲಗುವುದು 8.30ಕ್ಕೆ. ಹೊರಡುವ ತಯಾರಿಗೆ ಒಂದೂವರೆ ಗಂಟೆ ಹೆಚ್ಚಾಯಿತು ಅನ್ನಿಸಬಹುದು. ಆದರೆ ಎರಡು ನೀರುದೋಸೆ ಗಂಟಲಿಗಿಳಿಯಲು ಅರ್ಧ ಗಂಟೆ ತೆಗೆದುಕೊಳ್ಳುವ ವಯಸ್ಸದು.

ಹೆಚ್ಚಿನವರು ರಾತ್ರಿ ಬೇಗ ಮಲಗಿಸಲು ಹೊರಡುತ್ತಾರೆ. ನಿದ್ದೆ ಬಾರದ ಮಗು ಒಂದು ಗಂಟೆ ಹೊರಳಾಡುತ್ತದೆ, ದೊಡ್ಡವರಿಗೆ ಸಿಟ್ಟು ಬರುತ್ತದೆ. ಮೊದಲು ಹಿಂದಕ್ಕೆ ಸರಿಸಬೇಕಾದ್ದು ಬೆಳಗ್ಗೆ ಏಳುವ ಹೊತ್ತನ್ನು. ಎರಡು ದಿನಕ್ಕೊಮ್ಮೆ 15 ನಿಮಿಷ ಬೇಗ ಎಬ್ಬಿಸಿ. 8.30ರಿಂದ 6.45ಕ್ಕೆ ಬರಲು ಸುಮಾರು ಎರಡು ವಾರ ಸಾಕು. ಎಬ್ಬಿಸಿದ ಕೂಡಲೇ ಅಂಗಳಕ್ಕೋ ಬಾಲ್ಕನಿಗೋ ಕರೆದುಕೊಂಡು ಹೋಗಿ. ದೇಹದ ಗಡಿಯಾರ ಹೊಂದಿಕೊಳ್ಳುವುದು ಮುಖ್ಯವಾಗಿ ಬೆಳಕಿನಿಂದ. ಮಳೆ ಹಿಡಿದ ಮೇಲೆ ಏಳು ಗಂಟೆಗೂ ಮಬ್ಬು ಇರುತ್ತದೆ, ಆಗ ಪರದೆ ಸರಿಸಿ ಕೋಣೆಯ ಲೈಟನ್ನೆಲ್ಲ ಹಾಕಿ. ಆದಿತ್ಯವಾರವೂ ಅರ್ಧ ಗಂಟೆಗಿಂತ ಹೆಚ್ಚು ರಿಯಾಯಿತಿ ಬೇಡ.

ರಾತ್ರಿಯ ಕ್ರಮ ದಿನವೂ ಒಂದೇ ಇರಲಿ: 7.15ಕ್ಕೆ ಊಟ, ಉಗುರುಬೆಚ್ಚನೆ ನೀರಿನ ಸ್ನಾನ, ಮೂತ್ರ ಮಾಡಿಸುವುದು, ಸೊಳ್ಳೆಪರದೆಯೊಳಗೆ ಒಂದು ಕತೆ. 7.30ರ ನಂತರ ಟಿವಿ, ಮೊಬೈಲ್ ಇಲ್ಲ. ಅಜ್ಜ ವಾರ್ತೆ ನೋಡುವ ಮನೆಯಾದರೆ ಮಗುವಿನ ಹಾಸಿಗೆ ಬೇರೆ ಕೋಣೆಯಲ್ಲಿರಲಿ. ಸಂಜೆ ಅಜ್ಜಿಯ ಲೋಟದಿಂದ ಎರಡು ಗುಟುಕು ಚಾ ಕುಡಿಯುವ ಅಭ್ಯಾಸವಿದ್ದರೆ ಅದನ್ನೂ ಬಿಡಿಸಿ.

ಇಷ್ಟೆಲ್ಲ ಮಾಡಿದರೂ ಕೆಡುವುದು ಶಾಲೆ ಬಿಟ್ಟ ಮೇಲೆ. ಹನ್ನೆರಡೂವರೆಗೆ ವ್ಯಾನಿನಲ್ಲಿ ಹತ್ತು ನಿಮಿಷ ತೂಕಡಿಸಿದ ಮಗುವಿಗೆ ಮನೆಯಲ್ಲಿ ನಿದ್ದೆ ಹತ್ತುವುದಿಲ್ಲ. ಸಂಜೆ ಆರಕ್ಕೆ ಸೋಫಾದಲ್ಲಿ ಬಿದ್ದು, ಏಳೂವರೆಗೆ ಎದ್ದು, ಹನ್ನೊಂದರವರೆಗೆ ಕುಣಿಯುತ್ತದೆ. ನೀವೇ ಕರೆತರುವುದಾದರೆ ದಾರಿಯುದ್ದಕ್ಕೂ ಮಾತಾಡಿಸಿ, ಹಣ್ಣಿನ ಹೋಳು ಕೊಡಿ. ಮಗು ಮನೆಗೆ ಬರುವಾಗ ಊಟ ತಯಾರಿರಲಿ, 1.30ಕ್ಕೆ ಹಾಸಿಗೆ. ಒಂದು ಗಂಟೆ ಮಲಗಲಿ, ಮೂರಕ್ಕೆ ಮೊದಲು ಎಬ್ಬಿಸಿ. ಆದರೂ ಸಂಜೆ ಕಣ್ಣು ಎಳೆಯುತ್ತಿದ್ದರೆ ಆರೂವರೆಗೇ ಗಂಜಿ ಉಣ್ಣಿಸಿ, ಏಳೂವರೆಗೆ ರಾತ್ರಿಯ ನಿದ್ದೆಗೇ ಮಲಗಿಸಿಬಿಡಿ.

ಮೊದಲ ಎರಡು ಮೂರು ವಾರ ರಾತ್ರಿ ಎದ್ದು ಅಳುವುದು, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು ಸಾಮಾನ್ಯ. ಬೈಯಬೇಡಿ. ಲೈಟು ಹಾಕದೆ ಪಕ್ಕದಲ್ಲಿ ಕೂತು ತಟ್ಟಿ. ಮಳೆಗಾಲದಲ್ಲಿ ಒದ್ದೆಯಾದ ಹಾಸಿಗೆ ಒಣಗುವುದು ಕಷ್ಟ, ಕೆಳಗೊಂದು ರಬ್ಬರ್ ಶೀಟ್ ಹಾಸಿಡಿ. ಶೀತವಿಲ್ಲದಿದ್ದರೂ ಹೆಚ್ಚಿನ ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರೆ, ನಡುವೆ ಉಸಿರು ಕಟ್ಟಿದಂತಾದರೆ, ಅದು ವೇಳಾಪಟ್ಟಿಯಿಂದ ಸರಿಯಾಗುವಂಥದ್ದಲ್ಲ. ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್ ಗ್ರಂಥಿ ದೊಡ್ಡದಾಗಿರಬಹುದು, ಮಕ್ಕಳ ಡಾಕ್ಟರಿಗೆ ತೋರಿಸಿ.