ಆಯ, ವ್ಯಯ ಮತ್ತು ಕಾಲೇಜ್ ಫುಟ್‌ಬಾಲ್: ಸೀಸನ್‌ಗೆ ಮೊದಲೇ ನಾನು ಪಟ್ಟಿ ಮಾಡುವ ರೀತಿ

ಅಮೆರಿಕನ್ ಕಾಲೇಜ್ ಫುಟ್‌ಬಾಲ್‌ನಲ್ಲಿ ಯಾವ ತಂಡ ಎಷ್ಟನೇ ಸ್ಥಾನಕ್ಕೆ ಬರುತ್ತದೆ ಅಂತ ಸೀಸನ್‌ಗೆ ಮೊದಲೇ ಊಹಿಸಿ ಪಟ್ಟಿ ಮಾಡೋದು ನಮ್ಮ ಆಫೀಸಿನ ಪಂದ್ಯ. ಕಳೆದ ವರ್ಷ, ಅಂದರೆ 2025ರ ಮೇ ತಿಂಗಳಲ್ಲಿ, ನಾನು ಪೆನ್ ಸ್ಟೇಟ್ ತಂಡವನ್ನು 1ನೇ ಸ್ಥಾನದಲ್ಲಿಟ್ಟಿದ್ದೆ. ಇಂಡಿಯಾನಾವನ್ನು 24ರಲ್ಲಿ. ಆಮೇಲೆ ಆಗಿದ್ದು ಏನು ಅಂದರೆ, ಪೆನ್ ಸ್ಟೇಟ್ ಅಕ್ಟೋಬರ್ ಅರ್ಧ ಕಳೆಯುವ ಮೊದಲೇ ಕೋಚನ್ನು ಮನೆಗೆ ಕಳಿಸಿತು. ಇಂಡಿಯಾನಾ 16ಕ್ಕೆ 16 ಪಂದ್ಯ ಗೆದ್ದು, ಜನವರಿ 19ರ ಫೈನಲ್‌ನಲ್ಲಿ ಮಯಾಮಿಯನ್ನು 27-21ರಿಂದ ಸೋಲಿಸಿ ಚಾಂಪಿಯನ್ ಆಯಿತು. ಮಾರನೇ ದಿನ ಆಫೀಸಿಗೆ ಹೋಗುವಾಗ ನಾನು ಮೂರು ಡಜನ್ ಡೋನಟ್ ಹೊತ್ತುಕೊಂಡು ಹೋದೆ. ನಮ್ಮಲ್ಲಿ ಪಟ್ಟಿ ಮಾಡುವವರು ಎಂಟು ಜನ. ಕೊನೇ ಸ್ಥಾನ ಬಂದವರು ಇಡೀ ಫ್ಲೋರಿಗೆ ತಿಂಡಿ ತರಬೇಕು ಅನ್ನೋದು ನಿಯಮ.

ಹಾಗಾಗಿ ಇದನ್ನು ಓದಿ ಯಾರೂ ನನ್ನನ್ನು ಪಂಡಿತ ಅಂದುಕೊಳ್ಳಬೇಡಿ. ಏಳು ವರ್ಷದಿಂದ ಮಾಡುತ್ತಿದ್ದೇನೆ, ತಪ್ಪು ಮಾಡಿ ಮಾಡಿ ಒಂದಿಷ್ಟು ಕಲಿತಿದ್ದೇನೆ, ಅಷ್ಟೇ.

ನಾನಿರೋದು ಕೊಲಂಬಸ್‌ನಲ್ಲಿ, ಓಹಾಯೋ ರಾಜ್ಯ. ಬಂದಿದ್ದು 2016ರಲ್ಲಿ. ಆ ನವೆಂಬರ್‌ನಲ್ಲಿ ಯೂನಿವರ್ಸಿಟಿ ಕಡೆ ಹೋದಾಗ ನೋಡಿದರೆ ಬೋರ್ಡುಗಳಲ್ಲಿರುವ 'ಎಂ' ಅಕ್ಷರದ ಮೇಲೆಲ್ಲ ಕೆಂಪು ಟೇಪಿನ ಇಂಟು ಮಾರ್ಕು! ಯಾರೋ ಪೋಲಿ ಹುಡುಗರ ಕೆಲಸ ಅಂದುಕೊಂಡೆ. ಆಮೇಲೆ ಗೊತ್ತಾಯ್ತು, ಮಿಷಿಗನ್ ಜೊತೆ ಪಂದ್ಯ ಇರುವ ವಾರ ಆ ಅಕ್ಷರವನ್ನೇ ಇವರು ಒಪ್ಪುವುದಿಲ್ಲ. ಇಂಥ ಊರಲ್ಲಿ ಫುಟ್‌ಬಾಲ್ ಗೊತ್ತಿಲ್ಲ ಅಂದರೆ ಊಟದ ಟೇಬಲ್‌ನಲ್ಲಿ ಮೂಕನಾಗಿ ಕೂರಬೇಕು. ಅದಕ್ಕೇ ಕಲಿತೆ.

ಗೊತ್ತಿಲ್ಲದವರಿಗೆ ಚೂರು ಹೇಳಿಬಿಡುತ್ತೇನೆ. ಇದು ಕಾಲೇಜು ಹುಡುಗರ ಆಟ ಅಂತ ಹೆಸರಿಗೆ ಮಾತ್ರ. ಮೇಲಿನ ದರ್ಜೆಯಲ್ಲೇ 130ಕ್ಕೂ ಜಾಸ್ತಿ ತಂಡಗಳಿವೆ, ನಮ್ಮೂರಿನ ಸ್ಟೇಡಿಯಂನಲ್ಲಿ 1 ಲಕ್ಷಕ್ಕಿಂತ ಜಾಸ್ತಿ ಜನ ಕೂರುತ್ತಾರೆ. ಒಂದು ತಂಡಕ್ಕೆ ಸೀಸನ್‌ನಲ್ಲಿ 12 ಪಂದ್ಯ, ಆಮೇಲೆ ಚಾಂಪಿಯನ್ ಯಾರು ಅಂತ ತೀರ್ಮಾನಿಸೋಕೆ 12 ತಂಡಗಳ ಪ್ಲೇಆಫ್. ಎಲ್ಲರೂ ಎಲ್ಲರ ಜೊತೆ ಆಡೋಕೆ ಆಗೋದೇ ಇಲ್ಲ. ಅದಕ್ಕೇ ಇಲ್ಲಿ ಅಭಿಪ್ರಾಯಕ್ಕೆ ಅಷ್ಟು ಬೆಲೆ. ಎಪಿ ಸುದ್ದಿ ಸಂಸ್ಥೆ 1936ರಿಂದ ಪತ್ರಕರ್ತರ ಮತ ತೆಗೆದುಕೊಂಡು ಪಟ್ಟಿ ಮಾಡುತ್ತಿದೆ, 1950ರಿಂದ ಸೀಸನ್ ಶುರುವಾಗುವ ಮೊದಲೇ ಒಂದು ಪಟ್ಟಿ ಬರುತ್ತದೆ. ಒಬ್ಬೊಬ್ಬರೂ 25 ತಂಡ ಬರೆಯುತ್ತಾರೆ, ಮೊದಲನೆಯದಕ್ಕೆ 25 ಅಂಕ, ಕೊನೆಯದಕ್ಕೆ 1. ಅದು ಆಗಸ್ಟ್‌ನಲ್ಲಿ ಬರುತ್ತದೆ. ನಮ್ಮ ಆಫೀಸಿನವರದು ಮೇ ತಿಂಗಳಲ್ಲಿ, ಯಾಕೆಂದರೆ ಆಗಸ್ಟ್‌ನಲ್ಲಿ ಮಾಡಿದರೆ ಎಲ್ಲರೂ ಎಪಿ ನೋಡಿ ಕಾಪಿ ಹೊಡೆಯುತ್ತಾರೆ!

ನನ್ನ ಮೊದಲ ಪಟ್ಟಿ 2019ರದ್ದು. ಹೆಸರು ನೋಡಿ ಬರೆದೆ, ಅಷ್ಟೇ. ಕ್ಲೆಮ್ಸನ್ 1, ಅಲಬಾಮಾ 2. ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಎಲ್ಲೋ 9ರಲ್ಲಿತ್ತು. ಆ ವರ್ಷ ಎಲ್‌ಎಸ್‌ಯು 15ಕ್ಕೆ 15 ಗೆದ್ದಿತು. ಅವರ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಜೋ ಬರೋ ನಮ್ಮ ಓಹಾಯೋ ಸ್ಟೇಟ್‌ನಲ್ಲೇ ಬೆಂಚು ಕಾದು, ಜಾಗ ಸಿಗದೆ ಲೂಸಿಯಾನಾಗೆ ಹೋದವನು. ಅಲ್ಲಿ ಅವನಿಗೆ ಅದು ಎರಡನೇ ವರ್ಷ, ಜೊತೆಗೆ ಪಾಸ್ ಆಟ ಕಲಿಸೋಕೆ ಹೊಸ ಕೋಚ್ ಬಂದಿದ್ದ. ಎರಡೂ ಮೇ ತಿಂಗಳಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯವೇ. ನಾನು ನೋಡಿರಲಿಲ್ಲ, ಅಷ್ಟೇ.

ನಿಜವಾದ ಪೆಟ್ಟು ಬಿದ್ದಿದ್ದು 2024ರಲ್ಲಿ. ಅದರ ಹಿಂದಿನ ವರ್ಷ ಫ್ಲಾರಿಡಾ ಸ್ಟೇಟ್ 13 ಪಂದ್ಯ ಸತತವಾಗಿ ಗೆದ್ದಿತ್ತು. ಅವರನ್ನು ಪ್ಲೇಆಫ್‌ಗೆ ತೆಗೆದುಕೊಳ್ಳದೆ ಬಿಟ್ಟಿದ್ದು ಅನ್ಯಾಯ ಅಂತ ನನಗೂ ಹೊಟ್ಟೆ ಉರಿದಿತ್ತು, ಆ ಸಿಟ್ಟಿನಲ್ಲೇ 6ನೇ ಸ್ಥಾನ ಕೊಟ್ಟೆ. (ಎಪಿ ಕೂಡ 10 ಕೊಟ್ಟಿತ್ತು, ನಾನೊಬ್ಬನೇ ಅಲ್ಲ.) ಆಗಸ್ಟ್ 24ರ ಶನಿವಾರ ಮಧ್ಯಾಹ್ನ, ಐರ್ಲೆಂಡಿನ ಡಬ್ಲಿನ್‌ನಲ್ಲಿ ಮೊದಲ ಪಂದ್ಯ. ಚಿತ್ರಾನ್ನದ ತಟ್ಟೆ ಹಿಡಿದುಕೊಂಡು ಟಿವಿ ಮುಂದೆ ಕೂತೆ. ಜಾರ್ಜಿಯಾ ಟೆಕ್ ಕೊನೇ ಕಿಕ್‌ನಲ್ಲಿ 24-21ಕ್ಕೆ ಮುಗಿಸಿತು. ಫ್ಲಾರಿಡಾ ಸ್ಟೇಟ್ ಆ ಸೀಸನ್ ಮುಗಿಸಿದ್ದು 2 ಗೆಲುವು, 10 ಸೋಲಿನಲ್ಲಿ. ಹಿಂದಿನ ವರ್ಷದ ಆ ತಂಡದಿಂದ 10 ಜನ ಎನ್‌ಎಫ್‌ಎಲ್‌ಗೆ, ಅಂದರೆ ವೃತ್ತಿಪರ ಲೀಗಿಗೆ, ಹೋಗಿದ್ದರು, ಕ್ವಾರ್ಟರ್‌ಬ್ಯಾಕ್ ಕೂಡ ಹೋಗಿದ್ದ. ನಾನು ಅಂಕ ಕೊಟ್ಟಿದ್ದು ಅಲ್ಲಿ ಇಲ್ಲದೇ ಇದ್ದವರಿಗೆ!

ಅವತ್ತು ನನ್ನ ಹೆಂಡತಿ ಒಂದು ಮಾತು ಅಂದಳು. "ರೀ, ಯುಗಾದಿ ಪಂಚಾಂಗದಲ್ಲಿ ಆಯ ಎಷ್ಟು ವ್ಯಯ ಎಷ್ಟು ಅಂತ ಎರಡೂ ಓದ್ತಾರೆ ಅಲ್ವಾ? ನೀವು ಬರೀ ಆಯ ಓದ್ತೀರ." ತಮಾಷೆಗೆ ಅಂದಿದ್ದು. ನಾನು ಎಕ್ಸೆಲ್ ತೆಗೆದು ನಿಜವಾಗಲೂ ಎರಡು ಕಾಲಂ ಮಾಡಿದೆ, ತಲೆಯ ಮೇಲೆ ಕನ್ನಡದಲ್ಲೇ ಬರೆದೆ: ಆಯ, ವ್ಯಯ. ಆಫೀಸಿನವರು ಇದೇನು ರಹಸ್ಯ ಲಿಪಿ ಅಂತ ಇವತ್ತಿಗೂ ಕೇಳುತ್ತಾರೆ.

ವ್ಯಯ ತುಂಬೋದು ಸುಲಭ. ಡ್ರಾಫ್ಟಿನಲ್ಲಿ ಎನ್‌ಎಫ್‌ಎಲ್ ತಂಡಗಳು ಆರಿಸಿಕೊಂಡವರು, ಓದು ಮುಗಿದವರು, ಬೇರೆ ಕಾಲೇಜಿಗೆ ಹಾರಿದವರು. ಆಯ ಕಷ್ಟ. ಮೊದಲೆಲ್ಲ ಹೈಸ್ಕೂಲಿನಿಂದ ಬರುವ ಹುಡುಗರನ್ನು ನೋಡಿದರೆ ಸಾಕಿತ್ತು. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು, ಅಂದರೆ ಬೇರೆ ಕಾಲೇಜಿಗೆ ಹೋಗಬೇಕು ಅನ್ನುವ ಆಟಗಾರರು ಹೆಸರು ಹಾಕುವ ಜಾಗ. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ದುಡ್ಡು ಮಾಡಬಹುದು ಅಂತಾಯ್ತು. 2025ರ ಜುಲೈಯಿಂದ ಕಾಲೇಜುಗಳೇ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ ನೇರವಾಗಿ ಆಟಗಾರರಿಗೆ ಹಂಚಬಹುದು. ಐಪಿಎಲ್ ಹರಾಜು ಗೊತ್ತಲ್ಲ, ಅದರಲ್ಲಿ ಹರಾಜು ಕೂಗುವವನೂ ಇಲ್ಲ, ಯಾರನ್ನೂ ಉಳಿಸಿಕೊಳ್ಳುವ ಹಕ್ಕೂ ಇಲ್ಲ ಅಂದುಕೊಳ್ಳಿ, ಹಾಗಿದೆ ಈಗ.

2025ರ ಏಪ್ರಿಲ್‌ನಲ್ಲಿ ನನ್ನ ಕರಡು ಪಟ್ಟಿ ರೆಡಿ ಇತ್ತು, ಟೆನೆಸ್ಸೀ 8ರಲ್ಲಿತ್ತು. ಅಷ್ಟರಲ್ಲಿ ಅವರ ಕ್ವಾರ್ಟರ್‌ಬ್ಯಾಕ್ ನೀಕೋ ಯಾಮಾಲಿಯಾವಾ ಬಿಟ್ಟು ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಕಾಲೇಜಿಗೆ ಹೋದ. ಒಬ್ಬ ಹುಡುಗನಿಗಾಗಿ ಪೂರ್ತಿ ಪಟ್ಟಿ ಮತ್ತೆ ಕೂತು ಮಾಡಿದೆ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತಾನೆ.

ಈಗ ನನಗೆ ಇಷ್ಟವಾದ ಕಾಲಂ ಬಗ್ಗೆ. ಎಲ್ಲರೂ ನೋಡೋದು ಕ್ವಾರ್ಟರ್‌ಬ್ಯಾಕನ್ನು. ಅವನ ಮುಂದೆ ಐದು ಜನ ದಪ್ಪ ದಪ್ಪ ಹುಡುಗರು ಬಗ್ಗಿ ನಿಂತಿರುತ್ತಾರಲ್ಲ, ಆಫೆನ್ಸಿವ್ ಲೈನ್, ಅವರನ್ನು ಯಾರೂ ನೋಡಲ್ಲ. ನಾನೂ ನೋಡುತ್ತಿರಲಿಲ್ಲ. ನಮ್ಮೂರು ದಾವಣಗೆರೆ. ದುಗ್ಗಮ್ಮನ ಜಾತ್ರೆಯಲ್ಲಿ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಸ್ತಿ ತೋರಿಸುತ್ತಿದ್ದರು. "ಮುಖ ನೋಡಬೇಡ, ಕಾಲು ನೋಡು. ಯಾರ ಸೊಂಟ ಕೆಳಗಿದೆಯೋ ಅವನೇ ಗೆಲ್ಲೋದು" ಅನ್ನುತ್ತಿದ್ದರು. ಒಂದು ದಿನ ಟಿವಿಯಲ್ಲಿ ಪಂದ್ಯ ನೋಡುವಾಗ ಇದ್ದಕ್ಕಿದ್ದ ಹಾಗೆ ಆ ಮಾತು ನೆನಪಾಯ್ತು. ಚೆಂಡನ್ನು ಬಿಟ್ಟು ಆ ಐವರ ಕಾಲನ್ನೇ ನೋಡುತ್ತಾ ಕೂತೆ. ಇಡೀ ಆಟ ಬೇರೆಯಾಗಿಯೇ ಕಂಡಿತು. ಮೊದಲ ಅರ್ಧ ಸೆಕೆಂಡಿನಲ್ಲಿ ಯಾರು ಕೆಳಗೆ ಹೋಗಿ ಎದುರಾಳಿಯ ಎದೆಗೆ ಕೈ ಕೊಡುತ್ತಾನೋ, ಅಲ್ಲಿಗೆ ಮುಗಿಯಿತು. ಆದರೆ ಕುಸ್ತಿಯಲ್ಲಿ ಒಬ್ಬ, ಇಲ್ಲಿ ಐದು ಜನ ಒಟ್ಟಿಗೆ ಪಟ್ಟು ಹಾಕಬೇಕು, ಒಬ್ಬ ಎಡವಿದರೂ ಹಿಂದಿರುವವನ ಗತಿ ಮುಗಿಯಿತು. ಅದು ಬರೋದು ಜೊತೆಗೆ ಆಡಿ ಆಡಿ ಮಾತ್ರ.

ಹಾಗಾಗಿ ಈಗ ನಾನು ಪ್ರತಿ ತಂಡದ ಆ ಐದು ಜನ ಒಟ್ಟು ಎಷ್ಟು ಪಂದ್ಯ ಶುರುವಿನಿಂದ ಆಡಿದ್ದಾರೆ ಅಂತ ಕೂಡಿಸುತ್ತೇನೆ. ನೂರರ ಮೇಲಿದ್ದರೆ ಖುಷಿ. ಮೂವತ್ತು ನಲವತ್ತಕ್ಕೆ ಇಳಿದರೆ ಕ್ವಾರ್ಟರ್‌ಬ್ಯಾಕ್ ಯಾರೇ ಆಗಲಿ, ಕೆಳಗೆ ತಳ್ಳುತ್ತೇನೆ. ಇದು ಕೆಲಸ ಮಾಡಿದ ಒಂದು ಸಲ ಹೇಳಲೇಬೇಕು, ಇಲ್ಲದಿದ್ದರೆ ಬರೀ ಸೋಲಿನ ಕಥೆ ಆಗುತ್ತೆ. 2025ರಲ್ಲಿ ಎಪಿ ಪಟ್ಟಿಯಲ್ಲಿ ಟೆಕ್ಸಾಸ್ 1. ಸೀಸನ್‌ಗೆ ಮೊದಲೇ ಅವರಿಗೆ ಆ ಜಾಗ ಸಿಕ್ಕಿದ್ದು ಅದೇ ಮೊದಲು. ಅವರ ಕ್ವಾರ್ಟರ್‌ಬ್ಯಾಕ್ ಆರ್ಚ್ ಮ್ಯಾನಿಂಗ್ ಹೆಸರೇ ಹೆಸರು. ಆದರೆ ಹಿಂದಿನ ವರ್ಷದ ಲೈನಿನ ಐವರಲ್ಲಿ ನಾಲ್ವರು ಹೋಗಿದ್ದರು. ನಾನು 7ರಲ್ಲಿಟ್ಟೆ, ಎಲ್ಲರೂ ನಕ್ಕರು. ಆಗಸ್ಟ್ 30ಕ್ಕೆ ಟೆಕ್ಸಾಸ್ ಇಲ್ಲಿಗೇ ಬಂತು. ಮೂರನೇ ಕ್ವಾರ್ಟರ್, ನಾಲ್ಕನೇ ಡೌನ್ (ಕೊನೇ ಪ್ರಯತ್ನ), ಗೋಲು ಗೆರೆಗೆ ಒಂದೇ ಗಜ ಬಾಕಿ. ಮ್ಯಾನಿಂಗ್ ತಾನೇ ತಲೆ ಬಗ್ಗಿಸಿ ನುಗ್ಗಿದ. ಎದುರಿನ ಗೋಡೆ ಒಂದಿಂಚೂ ಜರುಗಲಿಲ್ಲ. 14-7ಕ್ಕೆ ಓಹಾಯೋ ಸ್ಟೇಟ್ ಗೆದ್ದಿತು, ಟೆಕ್ಸಾಸ್ ಆ ವರ್ಷ ಪ್ಲೇಆಫ್‌ಗೂ ಹೋಗಲಿಲ್ಲ. ನಾನು ಆಫೀಸಿನಲ್ಲಿ ಎದೆ ಸೆಟೆಸಿಕೊಂಡು ಓಡಾಡಿದೆ.

ಒಂದು ತಿಂಗಳು ಅಷ್ಟೇ.

ಪೆನ್ ಸ್ಟೇಟ್‌ಗೆ ಯಾಕೆ 1 ಕೊಟ್ಟೆ ಅಂದರೆ, ನನ್ನ ಎರಡೂ ಕಾಲಂ ಹೇಳಿದ್ದೇ ಅದು. ಕ್ವಾರ್ಟರ್‌ಬ್ಯಾಕ್ ಡ್ರೂ ಆಲರ್ ವಾಪಸ್, ಚೆಂಡು ಹಿಡಿದು ಓಡುವ ಇಬ್ಬರೂ ರನ್ನಿಂಗ್ ಬ್ಯಾಕ್ ವಾಪಸ್, ಲೈನ್ ಹಳಬರದ್ದು. ಮೇಲಾಗಿ ಡಿಫೆನ್ಸ್ ನೋಡಿಕೊಳ್ಳೋಕೆ ಓಹಾಯೋ ಸ್ಟೇಟ್‌ನ ಜಿಮ್ ನೋಲ್ಸ್‌ರನ್ನೇ ಕರೆದುಕೊಂಡು ಹೋಗಿದ್ದರು. ವ್ಯಯ ಕಡಿಮೆ, ಆಯ ಚೆನ್ನಾಗಿದೆ, ಇನ್ನೇನು ಬೇಕು? ಎಪಿ ಕೂಡ 2 ಕೊಟ್ಟಿತ್ತು.

ನನ್ನ ಶೀಟಿನಲ್ಲಿ ಇಲ್ಲದ ಒಂದು ವಿಷಯ ಇತ್ತು. ಪೆನ್ ಸ್ಟೇಟ್‌ನ ಮುಖ್ಯ ಕೋಚ್ ಇದ್ದಷ್ಟು ವರ್ಷ ಮೊದಲ ಹತ್ತರೊಳಗಿನ ತಂಡಗಳ ಎದುರು ಗೆದ್ದಿದ್ದು ನಾಲ್ಕೇ ಸಲ. 2025ರ ಜನವರಿಯಲ್ಲಿ ನೋಟ್ರ ಡೇಮ್ ಎದುರಿನ ಸೆಮಿಫೈನಲ್‌ನಲ್ಲಿ, 24-24 ಇದ್ದಾಗ, ಕೊನೇ ನಿಮಿಷದಲ್ಲಿ ಆಲರ್ ಎಸೆದ ಚೆಂಡು ಎದುರಾಳಿ ಕೈಗೆ ಹೋಯ್ತು, ಪಂದ್ಯವೂ ಹೋಯ್ತು. ಸೆಪ್ಟೆಂಬರ್ 27ಕ್ಕೆ ಆರೆಗನ್ ಬಂತು. ಸ್ಟೇಡಿಯಂ ತುಂಬ ಬಿಳಿ ಬಟ್ಟೆ, ಕಿವಿ ಕಿವುಡಾಗುವ ಗದ್ದಲ, ಎರಡನೇ ಓವರ್‌ಟೈಮ್. ಮತ್ತೆ ಆಲರ್ ಎಸೆದ, ಮತ್ತೆ ಎದುರಾಳಿ ಕೈಗೆ. 30-24. ಸೋಫಾದಲ್ಲಿ ಕೂತಿದ್ದ ನನಗೆ ಆಗ ಹೊಳೆಯಿತು: ಹಳೇ ತಂಡ ಪೂರ್ತಿ ವಾಪಸ್ ಬಂತು ಅಂದರೆ ಹಳೇ ಕಾಯಿಲೆಯೂ ಪೂರ್ತಿ ವಾಪಸ್ ಬಂತು ಅಂತಲೇ. ಅದನ್ನು ನಾನು ಆಯದ ಲೆಕ್ಕಕ್ಕೆ ಹಾಕಿಕೊಂಡಿದ್ದೆ.

ಮುಂದಿನ ವಾರ ಪೆನ್ ಸ್ಟೇಟ್ ಹೋಗಿದ್ದು ಯುಸಿಎಲ್‌ಎ ಜೊತೆ ಆಡೋಕೆ. ನಾಲ್ಕಕ್ಕೆ ನಾಲ್ಕೂ ಸೋತಿದ್ದ ತಂಡ ಅದು. 42-37ಕ್ಕೆ ಯುಸಿಎಲ್‌ಎ ಗೆದ್ದಿತು. ಕ್ವಾರ್ಟರ್‌ಬ್ಯಾಕ್ ಯಾರು ಹೇಳಿ? ಏಪ್ರಿಲ್‌ನಲ್ಲಿ ನನ್ನ ಪಟ್ಟಿ ಹರಿದುಹಾಕಿಸಿದ ಅದೇ ಯಾಮಾಲಿಯಾವಾ! ನಮ್ಮ ಟೀಮಿನ ಹಿರಿಯರೊಬ್ಬರು ಏನೂ ಮಾತಾಡದೆ ನನ್ನ ಮಾನಿಟರಿಗೆ ಡೋನಟ್ ಅಂಗಡಿಯ ಮೆನು ಅಂಟಿಸಿ ಹೋದರು. ಅದಾದ ಮುಂದಿನ ವಾರ ನಾರ್ತ್‌ವೆಸ್ಟರ್ನ್ ಎದುರು ಸ್ವಂತ ಮೈದಾನದಲ್ಲೇ 22-21ಕ್ಕೆ ಸೋತು, ಕೋಚ್ ಕೆಲಸ ಕಳೆದುಕೊಂಡರು.

ಇನ್ನು ಇಂಡಿಯಾನಾ. ಇದು ನಿಜಕ್ಕೂ ನಾಚಿಕೆಯ ವಿಷಯ, ಯಾಕೆಂದರೆ ನನ್ನದೇ ಲೈನ್ ಸೂತ್ರ ಹಾಕಿದ್ದರೂ ಇಷ್ಟು ಎಡವುತ್ತಿರಲಿಲ್ಲ. 2024ಕ್ಕೆ ಮೊದಲು ಆ ಕಾಲೇಜು ಒಂದು ಸೀಸನ್‌ನಲ್ಲೂ 10 ಪಂದ್ಯ ಗೆದ್ದಿರಲಿಲ್ಲ. ಕೋಚ್ ಕರ್ಟ್ ಸಿಗ್ನೆಟ್ಟಿ ಬಂದ ಮೊದಲ ವರ್ಷವೇ 11 ಗೆದ್ದರು. ಸುಲಭದ ಎದುರಾಳಿಗಳು ಸಿಕ್ಕಿದ್ದರು, ಈ ಸಲ ಗಾಳಿ ಇಳಿಯುತ್ತೆ ಅಂದುಕೊಂಡೆ. ಅದಕ್ಕಿಂತ ದೊಡ್ಡ ತಪ್ಪು ಆಯದ ಕಾಲಂನಲ್ಲಿತ್ತು. ಪೋರ್ಟಲ್‌ನಿಂದ ಬಂದವರಿಗೆ ನಾನು ಅಂಕ ಕೊಡುತ್ತಿದ್ದುದು ಹೈಸ್ಕೂಲಿನಲ್ಲಿ ಅವರಿಗೆ ಸಿಕ್ಕ ಸ್ಟಾರ್ (ಐದರವರೆಗಿನ ರೇಟಿಂಗ್) ನೋಡಿ. ಇಂಡಿಯಾನಾದಲ್ಲಿದ್ದವರು ಹೆಚ್ಚಿನವರು ಎರಡು ಮೂರು ಸ್ಟಾರಿನವರು. ಸಿಗ್ನೆಟ್ಟಿ ತಮ್ಮ ಹಳೇ ಕಾಲೇಜು ಜೇಮ್ಸ್ ಮ್ಯಾಡಿಸನ್‌ನಿಂದ ಕರೆತಂದ ಹುಡುಗರೂ ಅದರಲ್ಲಿದ್ದರು. ಆದರೆ ಅವರ ವಯಸ್ಸು 22, 23, ಮೂರು ನಾಲ್ಕು ವರ್ಷ ಬಿಡದೆ ಆಡಿದವರು. ಸಣ್ಣ ಊರಿನ ಗರಡಿಯಲ್ಲಿ ವರ್ಷಗಟ್ಟಲೆ ಮಣ್ಣು ತಿಂದ ಪೈಲ್ವಾನನ ಎದುರು, ದೊಡ್ಡ ಗರಡಿಯ 19ರ ಹುಡುಗನನ್ನು ಬಿಟ್ಟರೆ ಏನಾಗುತ್ತೆ ಅಂತ ದಾವಣಗೆರೆಯವನಾದ ನನಗೆ ಬೇರೆ ಯಾರಾದರೂ ಹೇಳಬೇಕಿತ್ತಾ? ಕ್ಯಾಲಿಫೋರ್ನಿಯಾದಿಂದ ಬಂದ ಕ್ವಾರ್ಟರ್‌ಬ್ಯಾಕ್ ಫರ್ನಾಂಡೋ ಮೆಂಡೋಜಾ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಯನ್ನೂ ತೆಗೆದುಕೊಂಡ. ಡಿಸೆಂಬರ್‌ನಲ್ಲಿ ನಮ್ಮ ಓಹಾಯೋ ಸ್ಟೇಟ್‌ನ್ನೇ 13-10ಕ್ಕೆ ಸೋಲಿಸಿದರು. ಆ ರಾತ್ರಿ ನಮ್ಮ ಬೀದಿ ಪೂರ್ತಿ ಸೈಲೆಂಟ್.

ಈ ಸಲ ಶೀಟು ಬದಲಾಯಿಸಿದ್ದೇನೆ. ಸ್ಟಾರ್ ಕಾಲಂ ಹೈಸ್ಕೂಲಿನಿಂದ ನೇರ ಬಂದವರಿಗೆ ಮಾತ್ರ. ಪೋರ್ಟಲ್‌ನವರಿಗೆ ಆಡಿದ ಪಂದ್ಯಗಳ ಲೆಕ್ಕ. ಹೊಸದಾಗಿ ಒಂದು ಕಾಲಂ ಬಂದಿದೆ, 'ಹಳೇ ಸೋಲು' ಅಂತ. ಕಳೆದ ವರ್ಷ ದೊಡ್ಡ ಪಂದ್ಯ ಯಾಕೆ ಸೋತರು, ಆ ಕಾರಣ ಈಗಲೂ ತಂಡದಲ್ಲಿದೆಯಾ, ಇಷ್ಟನ್ನೇ ಒಂದು ಸಾಲಿನಲ್ಲಿ ಬರೆಯುತ್ತೇನೆ. ಅಂಕ ಕೊಡಲ್ಲ, ಓದುತ್ತೇನೆ ಅಷ್ಟೇ. ಏಪ್ರಿಲ್‌ನಲ್ಲಿ ಪೋರ್ಟಲ್ ತೆರೆಯುವುದನ್ನು ಈ ವರ್ಷ ನಿಲ್ಲಿಸಿದ್ದಾರೆ, ಜನವರಿಯಲ್ಲಿ ಒಂದೇ ಸಲ. ಅದೊಂದು ದೊಡ್ಡ ಉಪಕಾರ ಆಯಿತು ನನಗೆ.

ಕೊನೆಯದಾಗಿ ಒಂದು ಕಳ್ಳ ನಿಯಮ ಇದೆ. ಓಹಾಯೋ ಸ್ಟೇಟ್‌ಗೆ ಶೀಟು ಎಷ್ಟೇ ಕೊಡಲಿ, ನಾನು ಒಂದು ಸ್ಥಾನ ಕೆಳಗಿಳಿಸುತ್ತೇನೆ, ಊರಿನ ಮೋಹಕ್ಕೆ ದಂಡ. ಎಸೆದ ಚೆಂಡು ಹಿಡಿಯೋಕೆ ಜೆರೆಮಯಾ ಸ್ಮಿತ್ ಇದ್ದಾನೆ, ಜೂಲಿಯನ್ ಸೇಯಿನ್‌ಗೆ ಮುಖ್ಯ ಕ್ವಾರ್ಟರ್‌ಬ್ಯಾಕ್ ಆಗಿ ಎರಡನೇ ವರ್ಷ, ಬರೋನ ಪಾಠ ಮರೆತಿಲ್ಲ. ಆದರೆ ಸೆಪ್ಟೆಂಬರ್‌ನಲ್ಲಿ ಟೆಕ್ಸಾಸ್ ಜೊತೆ ಆಸ್ಟಿನ್‌ನಲ್ಲಿ ಆಡಬೇಕು, ಆಮೇಲೆ ಇಂಡಿಯಾನಾ ಜೊತೆ ಅವರ ಊರಲ್ಲೇ, ಯುಎಸ್‌ಸಿ ಜೊತೆ ಲಾಸ್ ಏಂಜಲೀಸ್‌ನಲ್ಲಿ. 'ಹಳೇ ಸೋಲು' ಕಾಲಂನಲ್ಲಿ "13-10, ಗೆರೆಯ ಹತ್ತಿರ ಹೋಗಿ ನಿಂತುಬಿಟ್ಟರು" ಅಂತ ಬರೆದಿದ್ದೇನೆ. ದಂಡ ಕಳೆದ ಮೇಲೆ ಈಗ 2ರಲ್ಲಿದೆ. 1ರಲ್ಲಿ ಯಾರು ಅಂತ ಆಫೀಸಿನಲ್ಲಿ ಇನ್ನೂ ಯಾರಿಗೂ ತೋರಿಸಿಲ್ಲ. ಹೆಂಡತಿಗೆ ತೋರಿಸಿದೆ. ನೋಡಿ, "ಈ ಸಲ ಡೋನಟ್ ಬೇಡ ರೀ, ಮಂಡಕ್ಕಿ ಮಿರ್ಚಿ ಮಾಡಿ ಕೊಡ್ತೀನಿ, ಖರ್ಚು ಕಡಿಮೆ" ಅಂದಳು.