ಪಟ್ಟೆ ಶುಂಠಿಗೆ ಹೀಟರ್ ಹಾಕಿ ಕೆಟ್ಟೆ

ನಮ್ಮ ಮನೆ ಇರೋದು ಚಿಕ್ಕಬಳ್ಳಾಪುರದಿಂದ ನಂದಿ ಕಡೆ ಹೋಗುವ ದಾರಿಯಲ್ಲಿ. ಮಾಗಿಯಲ್ಲಿ ಬೆಳಗ್ಗೆ ಎಂಟಾದರೂ ಮಂಜು ಸರಿಯೋದಿಲ್ಲ. ಅಲಂಕಾರದ ಶುಂಠಿಯಲ್ಲಿ ಎರಡು ಜಾತಿ ಸಾಕಿದ್ದೆ. ಎಲೆಯಲ್ಲಿ ಹಳದಿ ಪಟ್ಟೆ ಇರುವ ಆಲ್ಪೀನಿಯಾ ಜೆರುಂಬೆಟ್ ಗಟ್ಟಿ ಪಿಂಡ, ಅಂಗಳದಲ್ಲೇ ಬರುತ್ತೆ. ಬಿಳಿ ಪಟ್ಟೆಯ ಆಲ್ಪೀನಿಯಾ ವಿಟ್ಟಾಟಾನೇ ನಾಜೂಕು, ರಾತ್ರಿ 15 ಡಿಗ್ರಿಗಿಂತ ಕೆಳಗಿಳಿದರೆ ಮುನಿಸಿಕೊಳ್ಳುತ್ತೆ.

ಯುರೋಪಿನವರು ಇದನ್ನು ಗಾಜಿನ ಮನೆಯಲ್ಲಿ ಕಾವು ಕೊಟ್ಟು ಬೆಳೆಸುತ್ತಾರೆ ಅಂತ ಓದಿದ್ದೆ. ಗುಜರಿಯಿಂದ ಹಳೇ ಕಿಟಕಿಗಳನ್ನು ತಂದು ಹತ್ತಡಿ ಉದ್ದದ್ದೊಂದು ನಿಲ್ಲಿಸಿ, ಒಳಗೆ ರೂಮ್ ಹೀಟರ್ ಇಟ್ಟೆ. "ಗಿಡಕ್ಕೂ ಬಾಣಂತನಾನಾ?" ಅಂತ ಅತ್ತೆ ನಕ್ಕರು.

ಎರಡೇ ವಾರ. ಎಲೆಯಂಚು ಸುಟ್ಟ ಹಪ್ಪಳದ ಹಾಗೆ ಸುರುಟಿತು. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ತೆಳು ಬಲೆ. ಬಿಳಿ ಹಾಳೆಯ ಮೇಲೆ ಕೊಡವಿದೆ, ಬಿದ್ದ ಧೂಳು ನಿಧಾನಕ್ಕೆ ನಡೆಯತೊಡಗಿತು! ಕೆಂಪು ನುಸಿ. ಒಣ ಬಿಸಿಗಾಳಿ ಅದಕ್ಕೆ ಹಬ್ಬ. ಗಿಡ ಒಣಗುತ್ತಿದೆ ಅಂತ ದಿನಾ ನೀರು ಸುರಿದಿದ್ದು ನನ್ನ ಎರಡನೇ ತಪ್ಪು. ಹೀಟರ್ ಗಾಳಿಯನ್ನು ಕಾಯಿಸಿತ್ತೇ ಹೊರತು ಸಿಮೆಂಟ್ ನೆಲದ ಮೇಲಿದ್ದ ಕುಂಡದ ಮಣ್ಣನ್ನಲ್ಲ. ತಣ್ಣಗಿನ ಒದ್ದೆ ಮಣ್ಣಲ್ಲಿ ಮೂರು ಗೆಡ್ಡೆ ಕೊಳೆತು ನಾರಿದವು.

ಮರುವರ್ಷ ಹೀಟರ್ ಅತ್ತೆಯ ಕೋಣೆ ಸೇರಿತು. ಗೋಡೆಗುಂಟ 200 ಲೀಟರಿನ ನಾಲ್ಕು ಡ್ರಮ್‌ಗೆ ಕಪ್ಪು ಬಣ್ಣ ಬಳಿದು ನೀರು ತುಂಬಿಸಿದೆ. ಹಗಲಿನ ಬಿಸಿಲು ಕುಡಿದ ನೀರು ರಾತ್ರಿಯಿಡೀ ಕಾವು ಬಿಡುತ್ತೆ. ಸಂಜೆ ನಾಲ್ಕಕ್ಕೇ ಕಿಟಕಿ ಮುಚ್ಚಿಬಿಡಬೇಕು, ಆರಕ್ಕೆ ಮುಚ್ಚಿದರೆ ಕಾವೆಲ್ಲ ಹೋಗಿರುತ್ತೆ. ಡಿಸೆಂಬರಿನಲ್ಲಿ ಹೊರಗೆ 12 ಡಿಗ್ರಿ ಇದ್ದ ರಾತ್ರಿ ಒಳಗೆ 16 ಇತ್ತು. ಕುಂಡಗಳನ್ನು ಹಲಗೆ ಮೇಲೇರಿಸಿದೆ. ಚಳಿಯಲ್ಲಿ ನೀರು ವಾರಕ್ಕೊಮ್ಮೆ, ಅದೂ ಬೆರಳಿಟ್ಟು ನೋಡಿ.

ನೀರಿಂದಲೂ ಒಂದು ತೊಂದರೆ ಇತ್ತು. ನಮ್ಮ ಬೋರ್‌ವೆಲ್ ನೀರು ಉಪ್ಪು, ಎಲೆ ತುದಿ ಕಂದಾಗುತ್ತಿತ್ತು. ಈಗ ಶೀಟಿನಿಂದ ಇಳಿಯುವ ಮಳೆನೀರನ್ನು ಸಂಪ್‌ಗೆ ಬಿಟ್ಟುಕೊಂಡಿದ್ದೇನೆ. ಮಣ್ಣಿಗೆ ತೆಂಗಿನ ನಾರಿನ ಪುಡಿ, ಕೆಮ್ಮಣ್ಣು, ಹಳೇ ಕೊಟ್ಟಿಗೆ ಗೊಬ್ಬರ. ಮಾರ್ಚ್ ಬಂದರೆ ಗಾಜಿನ ಮನೆ ಒಲೆಯೇ ಸರಿ, ಮೇಲೆ ನೆರಳು ಪರದೆ ಹಾಕಿ ನೆಲಕ್ಕೆ ನೀರು ಚಿಮುಕಿಸುತ್ತೇನೆ.

ಬೀಜದಿಂದ ಪಟ್ಟೆ ಬರುತ್ತೆ ಅಂತ ನಂಬಿಕೊಂಡು ಕೂರಬೇಡಿ. ಬಿಸಿಲು ಬಲಿತ ಮೇಲೆ ಎರಡು ಮೂರು ಮೊಳಕೆ ಇರುವಂತೆ ಗೆಡ್ಡೆ ಸೀಳಿ ನೆಡಿ. ಆಗಾಗ ಪಟ್ಟೆಯೇ ಇಲ್ಲದ ಅಚ್ಚ ಹಸಿರು ಮರಿ ಏಳುತ್ತೆ, ಅದನ್ನು ಬುಡಸಮೇತ ಕಿತ್ತು ಬಿಸಾಡಿ. ಹಸಿರೇ ಹೆಚ್ಚಿರೋದರಿಂದ ಅದಕ್ಕೆ ಬಲ ಜಾಸ್ತಿ. ಎಷ್ಟು ಚೆಂದ ಇದೆ ಅಂತ ಒಂದನ್ನು ಬಿಟ್ಟಿದ್ದೆ. ವರ್ಷ ಕಳೆಯೋದರಲ್ಲಿ ಆ ಕುಂಡದಲ್ಲಿ ಪಟ್ಟೆಯ ದಂಟು ಎರಡೇ ಉಳಿದಿದ್ದವು.